‘ಅಕ್ಕೋರೇ, ಯಾರಿಗೂ ಹೇಳಬೇಡಿ’

ಉತ್ತರ ಕನ್ನಡದ ಕರಾವಳಿಯ ಪ್ರೌಢಶಾಲೆಯೊಂದರ ಶಿಕ್ಷಕಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದನ್ನು ಇದ್ದ ಹಾಗೆ ಅಚ್ಚು ಹಾಕುತ್ತಿಲ್ಲ. ಸಾರಾಂಶ ಇಷ್ಟು: ಅವರ ತರಗತಿಯ ಒಬ್ಬ ಹುಡುಗನನ್ನು ಅವನ ನಡಿಗೆ ಮತ್ತು ಮಾತಿನ ಧಾಟಿಗಾಗಿ ಸಹಪಾಠಿಗಳು ಬಹಳ ದಿನಗಳಿಂದ ಹಂಗಿಸುತ್ತಿದ್ದರು. ಒಂದು ಸಂಜೆ ಅವನು, “ಅಕ್ಕೋರೇ, ಯಾರಿಗೂ ಹೇಳಬೇಡಿ” ಎಂದು ಮೊದಲೇ ಕೇಳಿಕೊಂಡು, ಉಳಿದ ಹುಡುಗರು ಹುಡುಗಿಯರ ವಿಷಯ ಮಾತಾಡುವಾಗ ತನಗೆ ಹಾಗೇನೂ ಅನ್ನಿಸುವುದಿಲ್ಲ ಎಂದು ಹೇಳಿದ. ಶಿಕ್ಷಕಿ ಗಾಬರಿಯಾಗಿ ಸಹೋದ್ಯೋಗಿಯೊಬ್ಬರ ಸಲಹೆ ಕೇಳಿದರು. ವಾರದೊಳಗೆ ಆ ಮಾತು ಹುಡುಗನ ಮನೆ ತಲುಪಿತು. ಈಗ ಅವನು ಶಾಲೆಗೇ ಬರುತ್ತಿಲ್ಲ. “ನಾನು ಮಾಡಿದ್ದು ತಪ್ಪೇ? ಅವನನ್ನು ಯಾರ ಬಳಿ ಕಳಿಸಲಿ? ಉಳಿದವರಿಗೆ ಏನು ಹೇಳಲಿ?” ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ತುರ್ತಿನ ಮಾತುಗಳನ್ನು ನಿಮಗೆ ಆಗಲೇ ಫೋನಿನಲ್ಲಿ ತಿಳಿಸಿದ್ದೇನೆ. ನಿಮ್ಮ ಒಪ್ಪಿಗೆಯ ಮೇಲೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರದಲ್ಲಿದ್ದ ಊರು, ಬಸ್ಸಿನ ಹೊತ್ತು, ತಂದೆಯ ಕಸುಬು ಎಲ್ಲವನ್ನೂ ತೆಗೆದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇವಿಷ್ಟು ಸಿಕ್ಕರೆ ಮನೆ ಹುಡುಕುವುದು ಅರ್ಧ ಗಂಟೆಯ ಕೆಲಸ.

ನೀವು ನೇರವಾಗಿ ಕೇಳಿದ್ದರಿಂದ ನೇರವಾಗಿಯೇ ಹೇಳುತ್ತೇನೆ: ಹೌದು, ತಪ್ಪಾಯಿತು. ಸಲಹೆ ಕೇಳಿದ್ದು ತಪ್ಪಲ್ಲ, ಹುಡುಗನ ಹೆಸರು ಹೇಳಿ ಕೇಳಿದ್ದು ತಪ್ಪು. “ಒಬ್ಬ ವಿದ್ಯಾರ್ಥಿ ಹೀಗೆ ಹೇಳಿದರೆ ನೀವೇನು ಮಾಡುತ್ತಿದ್ದಿರಿ” ಎಂದು ಕೇಳಿದ್ದರೆ ಸಾಕಿತ್ತು. ಆಪ್ತಸಮಾಲೋಚನೆ ಎಂದರೆ ಮಗುವಿಗೆ ಬುದ್ಧಿ ಹೇಳುವುದು ಎಂದು ನಮ್ಮ ಶಾಲೆಗಳಲ್ಲಿ ಇಂದಿಗೂ ತಿಳಿಯಲಾಗುತ್ತಿದೆ. ವಾಸ್ತವದಲ್ಲಿ ಅದರ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದು ಮತ್ತು ಕೇಳಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವುದು. ಶಿಕ್ಷಕರೂ ಪಾಲಕರೂ ಒಂದೇ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುವ ನಮ್ಮ ಊರುಗಳಲ್ಲಿ ಇದು ಬೆಂಗಳೂರಿಗಿಂತ ಹೆಚ್ಚು ಕಷ್ಟ, ಆದ್ದರಿಂದ ಹೆಚ್ಚು ಅಗತ್ಯ.

ಆದರೆ ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡುವ ಹಾಗೂ ಇಲ್ಲ. ಮಗುವಿನ ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಸಹಾಯ ಕರೆಯಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಎರಡನ್ನು ಮಗು ಬಾಯಿ ಬಿಡುವ ಮೊದಲೇ ಹೇಳಿಬಿಡಬೇಕು: “ನಿನ್ನ ಪ್ರಾಣಕ್ಕೆ ತೊಂದರೆ ಎನಿಸಿದರೆ, ಯಾರಾದರೂ ನಿನಗೆ ಕೆಟ್ಟದ್ದು ಮಾಡಿದ್ದಾರೆ ಎಂದಾದರೆ ನಾನು ಸುಮ್ಮನಿರಲಾರೆ, ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ.” ನಿಮ್ಮ ಹುಡುಗ ಹೇಳಿದ್ದು ಈ ಎರಡರಲ್ಲಿ ಯಾವುದೂ ಆಗಿರಲಿಲ್ಲ.

ಈಗ ಆಗಬೇಕಾದದ್ದು ಅವನ ಮನೆಗೆ ಹೋಗುವುದು. ತಪ್ಪಿಹೋದ ಪಾಠದ ಟಿಪ್ಪಣಿ, ಪರೀಕ್ಷೆಯ ವೇಳಾಪಟ್ಟಿ ಹಿಡಿದುಕೊಂಡು ಹೋಗಿ. ಎಲ್ಲರೆದುರು ಆ ವಿಷಯ ಎತ್ತಬೇಡಿ. ಅಂಗಳದ ಮೂಲೆಯಲ್ಲೋ ದಣಪೆಯ ಹತ್ತಿರವೋ ಅವನೊಬ್ಬನೇ ಸಿಕ್ಕಾಗ, “ನಿನ್ನ ಮಾತನ್ನು ನಾನು ಬೇರೆಯವರಿಗೆ ಹೇಳಿದೆ, ಅದು ನನ್ನ ತಪ್ಪು” ಎನ್ನಿ. ಆಮೇಲೆ ವಿವರಣೆ ಸೇರಿಸಬೇಡಿ. ಬದುಕು ಬೇಡ ಅನ್ನಿಸುತ್ತಿದೆಯೇ ಎಂದೂ ಸ್ಪಷ್ಟವಾಗಿ ಕೇಳಿ; ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆ ಹೊರಬರಲು ದಾರಿಯಾಗುತ್ತದೆ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098 ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ. ಈ ಎರಡು ಸಂಖ್ಯೆಗಳನ್ನು ಅವನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಡಿ.

ಎರಡನೆಯ ಪ್ರಶ್ನೆ ಯಾರ ಬಳಿ ಕಳಿಸಬೇಕೆಂಬುದು. ಅದಕ್ಕೂ ಮೊದಲು, ಯಾತಕ್ಕಾಗಿ ಎಂಬುದು ನಿಮಗೂ ಮನೆಯವರಿಗೂ ಖಚಿತವಾಗಬೇಕು. ಅವನ ತಂದೆ ಮಗನನ್ನು “ಸರಿ ಮಾಡಿಸಲು” ಹೊರಟಿದ್ದಾರೆ ಎಂದು ಬರೆದಿದ್ದೀರಿ. ಸಲಿಂಗಾಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಭಾರತೀಯ ಮನೋವೈದ್ಯರ ಸಂಘವೂ ಅದು ಕಾಯಿಲೆಯಲ್ಲ ಎಂದು 2018ರಲ್ಲಿ ಹೇಳಿತು. ಅದನ್ನು ಬದಲಿಸುತ್ತೇವೆಂದು ನೀಡುವ “ಚಿಕಿತ್ಸೆ”ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಪರ ದುರ್ನಡತೆ ಎಂದು ಸಾರಿತು. ಹಾಗಾಗಿ ಸರಿ ಮಾಡಿಕೊಡುತ್ತೇನೆ ಎಂದು ಭರವಸೆ ಕೊಡುವ ವೈದ್ಯರು ಸಿಕ್ಕರೆ ಆ ಬಾಗಿಲಿನಿಂದಲೇ ಹಿಂತಿರುಗುವಂತೆ ತಂದೆಗೆ ಹೇಳಿ. ಅಷ್ಟಕ್ಕೂ, ಹುಡುಗ ಹೇಳಿದ್ದು ಒಂದು ವಾಕ್ಯ. ಅದಕ್ಕೆ ಹೆಸರಿಟ್ಟದ್ದು ಊರು. ತಾನು ಏನು ಎಂಬುದು ಆ ವಯಸ್ಸಿನಲ್ಲಿ ಕೆಲವರಿಗೆ ಗೊತ್ತಿರುತ್ತದೆ, ಕೆಲವರಿಗೆ ಗೊತ್ತಿರುವುದಿಲ್ಲ. ಅವನಿಗೆ ಹೆಸರಿಡುವುದು ಸಮಾಲೋಚಕರ ಕೆಲಸವೂ ಅಲ್ಲ, ನಿಮ್ಮದೂ ಅಲ್ಲ, ನನ್ನದಂತೂ ಅಲ್ಲವೇ ಅಲ್ಲ. ಅವನಿಗೆ ನೆರವು ಬೇಕಿರುವುದು ಅವಮಾನದಿಂದ ಕೆಟ್ಟ ನಿದ್ದೆಗೆ, ಶಾಲೆಯ ಭಯಕ್ಕೆ, ಮನೆಯಲ್ಲಿ ಎದ್ದಿರುವ ಗದ್ದಲಕ್ಕೆ.

ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲಿಂದ ಆರಂಭಿಸಬಹುದು. ಗುರುತಿನವರು ಕಂಡಾರೆಂಬ ಅಂಜಿಕೆ ಇದ್ದರೆ ಪಕ್ಕದ ತಾಲ್ಲೂಕಿಗೆ ಹೋಗಿ, ಬಸ್ ಚಾರ್ಜಿನಷ್ಟೇ ಖರ್ಚು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಸಮಾಲೋಚಕರು ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸೂಚಿಸಿದೆ. ಘಟ್ಟದ ಮೇಲಿನ ಎಷ್ಟೋ ಶಾಲೆಗಳು ಈ ಎರಡನೆಯ ಗುಂಪಿನವು. ಹುಡುಗನ ಪ್ರಸ್ತಾಪವನ್ನೇ ಮಾಡದೆ ಈ ಸೂಚನೆಯನ್ನು ನಿಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಿ.

ನಿಮ್ಮ ಶಾಲೆಯಲ್ಲಿ ಮಕ್ಕಳೊಂದಿಗೆ ಮಾತಾಡಲು ಜಾಗವೇ ಇಲ್ಲ, ಸ್ಟಾಫ್ ರೂಮಿನ ಗೋಡೆ ಅರ್ಧಕ್ಕೇ ನಿಂತಿದೆ ಎಂದಿದ್ದೀರಿ. ಕೋಣೆ ಬೇಕಿಲ್ಲ. ಮೈದಾನದ ಅಂಚಿನ ಕಟ್ಟೆ ಸಾಕು: ಎಲ್ಲರ ಕಣ್ಣಿಗೆ ಕಾಣುವಂತಿರಬೇಕು, ಯಾರ ಕಿವಿಗೂ ಕೇಳಬಾರದು. ಬಾಗಿಲು ಮುಚ್ಚಿದ ಕೋಣೆಗಿಂತ ಅದು ಮಗುವಿಗೂ ನಿಮಗೂ ಕ್ಷೇಮ.

ಇನ್ನು ಆ ಡೆಸ್ಕು. ಅವನು ಕೂರುವ ಜಾಗದಲ್ಲಿ ಯಾರೋ ಕೈವಾರದ ಮೊನೆಯಿಂದ ಆ ಕೆಟ್ಟ ಪದವನ್ನು ಕೆತ್ತಿದ್ದರು, ನೀವು ಬ್ಲೇಡಿನಿಂದ ಕೆರೆದರೂ ಅಕ್ಷರ ಓದಲು ಬರುತ್ತದೆ ಎಂದು ಬರೆದಿದ್ದೀರಿ. ಕೆರೆದ ಗುರುತೇ ಈಗ ಎಲ್ಲರ ಕಣ್ಣು ಸೆಳೆಯುತ್ತಿರುತ್ತದೆ. ಆ ಡೆಸ್ಕನ್ನು ತರಗತಿಯಿಂದ ಹೊರಗೆ ಹಾಕಿಸಿ, ಜೊತೆಗೆ ಇಡೀ ತರಗತಿಯ ಕೂರುವ ಜಾಗವನ್ನು ಪ್ರತಿ ಸೋಮವಾರ ಬದಲಿಸುವ ಪದ್ಧತಿ ತನ್ನಿ. ಆಗ ಅವನೊಬ್ಬನ ಜಾಗ ಬದಲಾಯಿತೆಂದು ಯಾರಿಗೂ ಅನ್ನಿಸದು. ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡಬೇಡಿ, ಮಾಡಿದರೆ ಇನ್ನೂರು ತಲೆಗಳು ಒಮ್ಮೆಗೇ ಅವನತ್ತ ತಿರುಗುತ್ತವೆ. ಹಂಗಿಸುವವರಲ್ಲಿ ಮುಂದಾಳುಗಳು ಇಬ್ಬರೋ ಮೂವರೋ ಇರುತ್ತಾರೆ. ಅವರನ್ನು ಒಬ್ಬೊಬ್ಬರನ್ನಾಗಿಯೇ ಕರೆದು, ಆ ಪದ ಶಾಲೆಯಲ್ಲಿ ಮತ್ತೆ ಕೇಳಿಬರಬಾರದು ಎಂದು ಸಣ್ಣ ದನಿಯಲ್ಲಿ ಹೇಳಿ, ಮುಂದಿನ ವಾರ ಮತ್ತೆ ಕರೆಯಿರಿ. ನಗುವವರಿಗಿಂತ ಸುಮ್ಮನಿರುವವರೇ ಹೆಚ್ಚು. ಅವರಲ್ಲೊಬ್ಬ ಬಸ್ಸಿನಲ್ಲಿ ಅವನ ಪಕ್ಕ ಕೂತರೂ ಅರ್ಧ ಕೆಲಸ ಆಯಿತು.

ನಮ್ಮ ಜನ ಸ್ತ್ರೀವೇಷದವರ ಲಾಲಿತ್ಯ ನೋಡಲು ಬೆಳಗಾಗುವವರೆಗೆ ಯಕ್ಷಗಾನದ ಆಟದಲ್ಲಿ ಕೂರುತ್ತಾರೆ, ಅದೇ ಜನ ಬೆಳಗಿನ ಬಸ್ಸಿನಲ್ಲಿ ಒಬ್ಬ ಹುಡುಗನ ಕೈ ತಿರುವನ್ನು ಅಣಕಿಸುತ್ತಾರೆ. ಇದನ್ನು ಕೇಳಿ ಯಾರಾದರೂ, ಅವನನ್ನು ಯಕ್ಷಗಾನಕ್ಕೆ ಸೇರಿಸಿ ಎಂದು ಸಲಹೆ ಕೊಟ್ಟಾರು. ಅವನೇ ಬಯಸಿದರೆ ಸರಿ. ಇಲ್ಲವಾದರೆ ಅವನ ನಡಿಗೆ ಅವನ ನಡಿಗೆಯಷ್ಟೇ, ವೇಷವಲ್ಲ.

ನಿಮ್ಮ ಮೂಲ ಪತ್ರವನ್ನು ನಮ್ಮ ಕಚೇರಿಯ ಕಡತಕ್ಕೆ ಸೇರಿಸಿಲ್ಲ. ಲಕೋಟೆಯ ಮೇಲೆ ಪತ್ರಿಕೆಯ ಹೆಸರಿಲ್ಲದೆ, ಶಾಲೆಯ ವಿಳಾಸಕ್ಕಲ್ಲದೆ ನಿಮ್ಮ ಮನೆಗೆ ಸ್ಪೀಡ್ ಪೋಸ್ಟಿನಲ್ಲಿ ಮರಳಿ ಕಳಿಸಿದ್ದೇನೆ. ತಲುಪಿದ ಮೇಲೆ ಎರಡು ಸಾಲು ಬರೆಯಿರಿ. ಹುಡುಗನ ಹೆಸರು ಬರೆಯಬೇಡಿ.

— ಸಂಪಾದಕ