ಗರಿಯ ಆಕಾರ: ಶೀಲ್ಡೋ ಪ್ಯಾರಬೋಲಿಕ್ಕೋ ಅನ್ನೋದಕ್ಕೆ ಮೊದಲು

ನೀವು ಕೊಟ್ಟ ವಿವರ ಇಷ್ಟು: 45 ಪೌಂಡು ಎಳೆತದ ಲಾಂಗ್‌ಬೋ (ಉದ್ದನೆಯ ಸರಳ ಬಿಲ್ಲು), 29 ಇಂಚಿನ ಬಿದಿರು ಬಾಣ, 125 ಗ್ರೇನಿನ (ಸುಮಾರು 8 ಗ್ರಾಂ) ಫೀಲ್ಡ್ ಪಾಯಿಂಟ್, ಅಂದರೆ ಅಲಗಿಲ್ಲದ ಅಭ್ಯಾಸದ ಮೊನೆ. ಬಿಲ್ಲಿನ ಹಿಡಿಕೆಯಲ್ಲಿ ಬಾಣ ಕೂರಿಸೋ ಶೆಲ್ಫ್ ಇಲ್ಲ, ಬಾಣ ನೇರ ಕೈ ಮೇಲೇ ಕೂರುತ್ತೆ. ದೂರ 20ರಿಂದ 30 ಮೀಟರ್, ಬಲಗೈ. ಈಗ ಅಂಟಿಸಿರೋದು ಐದಿಂಚಿನ ಶೀಲ್ಡ್ ಕಟ್ ಗರಿ, ಹಿಂದೆ ಚೂಪು ಮೂತಿಯದ್ದು. ಬಾಣ ಬಾಲ ಅಲ್ಲಾಡಿಸಿಕೊಂಡು ಹೋಗುತ್ತೆ, ಶಬ್ದ ಜಾಸ್ತಿ, ಹಿಂದೆ ದುಂಡಗಿರೋ ಪ್ಯಾರಬೋಲಿಕ್‌ಗೆ ಬದಲಾಯಿಸಿದರೆ ಸರಿಹೋಗುತ್ತಾ, ಗರಿ ಮನೆಯಲ್ಲೇ ಕತ್ತರಿಸಬಹುದಾ ಅಂತ ಕೇಳಿದ್ದೀರಿ.

ಶಬ್ದ ಕಡಿಮೆಯಾಗುತ್ತೆ. ಬಾಲ ಅಲ್ಲಾಡೋದು ಆಕಾರ ಬದಲಿಸಿದ್ದಕ್ಕೆ ಹೋಗಲ್ಲ. ಎಡಬಲಕ್ಕೆ ಅಲ್ಲಾಡಿದರೆ ಬಾಣದ ಸ್ಪೈನ್ (ಅದು ಎಷ್ಟು ಬಾಗುತ್ತೆ ಅನ್ನೋದು) ಬಿಲ್ಲಿಗೆ ಹೊಂದಿಲ್ಲ, ಇಲ್ಲವೇ ಹೆದೆ ಬಿಡುವಾಗ ಬೆರಳು ಎಳೆಯುತ್ತಿದೆ. ಮೇಲೆ ಕೆಳಗೆ ಕುಣಿದರೆ ನಾಕಿಂಗ್ ಪಾಯಿಂಟ್ (ಹೆದೆಗೆ ಬಾಣ ಸಿಕ್ಕಿಸೋ ಜಾಗ) ಎತ್ತರ ತಪ್ಪಿದೆ. ದೊಡ್ಡ ಗರಿ ಈ ತಪ್ಪುಗಳನ್ನು ಮುಚ್ಚಿಡುತ್ತೆ, ತಿದ್ದಲ್ಲ. ನಿಮ್ಮದು ಐದಿಂಚು ಹಾಕಿದ ಮೇಲೂ ಕಾಣುತ್ತಿದೆ ಅಂದರೆ ತಪ್ಪು ಸಣ್ಣದಲ್ಲ.

ಹಾಗಾಗಿ ಮೊದಲು ಬೇರ್ ಶಾಫ್ಟ್ (ಗರಿಯಿಲ್ಲದ ಬಾಣ) ಪರೀಕ್ಷೆ ಮಾಡಿ. ಅದೇ ಕಟ್ಟಿನ ಎರಡು ಬಾಣಕ್ಕೆ ಗರಿ ಹಾಕದೆ ಬಿಡಿ. ಮೂರು ಐದಿಂಚಿನ ಗರಿ ಸೇರಿ ಹೆಚ್ಚುಕಡಿಮೆ ಅರ್ಧ ಗ್ರಾಂ ತೂಗುತ್ತೆ, ಆ ತೂಕದಷ್ಟು ಟೇಪನ್ನು ಗರಿಯ ಜಾಗದಲ್ಲಿ ಸುತ್ತಿ. 8-10 ಮೀಟರಿನಿಂದ ಶುರು ಮಾಡಿ, ಮೆತ್ತಗಿನ ಟಾರ್ಗೆಟ್‌ಗೇ ಹೊಡೆಯಿರಿ. ಗರಿಯಿಲ್ಲದ ಬಿದಿರು ಬಾಣ ಓರೆಯಾಗಿ ಗಟ್ಟಿ ಫೋಮಿಗೆ ನಾಟಿದರೆ ಮುರಿಯುತ್ತೆ. ಗರಿ ಇರೋ ಮೂರು, ಇಲ್ಲದ ಎರಡು ಬಿಟ್ಟು ನೋಡಿ. ಬಲಗೈಯವರಿಗೆ ಬೇರ್ ಶಾಫ್ಟ್ ಗರಿಯಿದ್ದದ್ದಕ್ಕಿಂತ ಬಲಕ್ಕೆ ಬಿದ್ದರೆ ಬಾಣ ಮೆತ್ತಗಿದೆ, ಅಂದರೆ ಜಾಸ್ತಿ ಬಾಗುತ್ತೆ: ಅರ್ಧ ಸೆಂಟಿಮೀಟರಿನಂತೆ ಕತ್ತರಿಸುತ್ತಾ ಬನ್ನಿ, ಅಥವಾ 100 ಗ್ರೇನಿನ ಮೊನೆ ಹಾಕಿ. ಆದರೆ ನಿಮ್ಮ ಎಳೆತದ ಉದ್ದಕ್ಕಿಂತ ಬಾಣ ಗಿಡ್ಡ ಆಗಬಾರದು, ಮೊನೆ ಕೈಯೊಳಗೆ ಬಂದರೆ ಕಥೆ ಮುಗೀತು. ಎಡಕ್ಕೆ ಬಿದ್ದರೆ ಬಾಣ ಬಿರುಸು: ಮೊನೆಯ ತೂಕ ಹೆಚ್ಚಿಸಿ. ಶೆಲ್ಫ್ ಇಲ್ಲದ ಬಿಲ್ಲಿನಲ್ಲಿ ಬಾಣ ಬಾಗಿ ಇಡೀ ಹಿಡಿಕೆಯನ್ನು ಸುತ್ತಿಕೊಂಡು ಹೋಗಬೇಕು, ಅದಕ್ಕೆ ಸಾಮಾನ್ಯವಾಗಿ ಬಿರುಸಿನ ತಪ್ಪೇ ಜಾಸ್ತಿ. ಗರಿಯಿಲ್ಲದ್ದು ಗರಿಯಿದ್ದದ್ದರ ಹತ್ತಿರ ಬೀಳೋ ತನಕ ಹೊಸ ಗರಿಗೆ ದುಡ್ಡು ಹಾಕಬೇಡಿ.

ಅದಾದ ಮೇಲೆ ಅಳತೆ, ಆಕಾರ ಕೊನೆಗೆ. ಬಾಣವನ್ನು ನೇರ ಮಾಡೋದು ಹಿಂದೆ ಇರೋ ಗರಿಯ ಒಟ್ಟು ವಿಸ್ತಾರ, ಅದರಲ್ಲೂ ಎತ್ತರ, ಮತ್ತೆ ಓರೆಯಾಗಿ ಅಂಟಿಸಿದ್ದರಿಂದ ಬರೋ ತಿರುಗು. ಐದು, ಐದೂವರೆ ಇಂಚು ಬೇಕೇ ಬೇಕು ಅನ್ನೋ ಸಲಹೆ ಅಮೆರಿಕದ ಬೇಟೆಗಾರರದ್ದು. ಅವರ ಬ್ರಾಡ್‌ಹೆಡ್‌ನ (ಬೇಟೆಯ ಅಗಲ ಮೊನೆ) ಅಲಗು ಮುಂದೆ ತಾನೇ ರೆಕ್ಕೆಯಂತೆ ಗಾಳಿ ಹಿಡಿಯುತ್ತೆ, ಅದನ್ನು ಹಿಂದಿನಿಂದ ಅಂಕೆಯಲ್ಲಿಡೋಕೆ ದೊಡ್ಡ ಗರಿ ಬೇಕು. ನಮ್ಮಲ್ಲಿ ಬೇಟೆಯೇ ನಿಷಿದ್ಧ, ಫೀಲ್ಡ್ ಪಾಯಿಂಟಿಗೆ ಆ ಗರಿ ಬರೀ ಹೊರೆ. ನಿಮ್ಮ ಬಾಣಕ್ಕೆ ನಾಲ್ಕಿಂಚಿನ ಮೂರು ಗರಿ, 12-13 ಮಿಲಿಮೀಟರ್ ಎತ್ತರ, ಒಂದೆರಡು ಡಿಗ್ರಿ ಓರೆ ಸಾಕು. ಮುಂದೆ ಇಂಡಿಯನ್ ರೌಂಡ್ ಸ್ಪರ್ಧೆಯ 50 ಮೀಟರಿಗೆ ಹೋಗೋ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. ದೊಡ್ಡ ಗರಿಯ ಎಳೆತ 20 ಮೀಟರಿನಲ್ಲಿ ಗೊತ್ತೇ ಆಗಲ್ಲ, 50ರಲ್ಲಿ ಬಾಣ ಕೆಳಗೆ ಕೂರುತ್ತೆ, ಅಡ್ಡಗಾಳಿಗೂ ಜಾಸ್ತಿ ಸರಿಯುತ್ತೆ.

ಈಗ ಆಕಾರ. ಪ್ಯಾರಬೋಲಿಕ್ ಮುಂದಿನಿಂದ ನಿಧಾನಕ್ಕೆ ಏರಿ ಹಿಂದೆ ದುಂಡಾಗಿ ಇಳಿಯುತ್ತೆ. ಚೂಪು ತುದಿ ಇಲ್ಲದ್ದರಿಂದ ಎಳೆ ಬಿಚ್ಚಿಕೊಳ್ಳಲ್ಲ, ಶಬ್ದ ಕಡಿಮೆ, ಬಾಳಿಕೆ ಹೆಚ್ಚು. ಶೀಲ್ಡ್‌ನಲ್ಲಿ ಹಿಂಬದಿ ಒಳಕ್ಕೆ ಬಾಗಿದ ಕಟ್, ಮೇಲೆ ಒಂದು ಮೂತಿ. ನೋಡೋಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೂತಿಯ ಎಳೆಗಳಿಗೆ ಹಿಂದಿನಿಂದ ಆಸರೆ ಇಲ್ಲ. ಟಾರ್ಗೆಟ್ ದಾಟಿ ನಾಲ್ಕು ಸಲ ಹುಲ್ಲಿಗೆ ನುಗ್ಗಿದರೆ ಅಲ್ಲಿಂದಲೇ ಸೀಳಿ, ಸೀಳಿದ ಎಳೆ ಗಾಳಿಯಲ್ಲಿ ಪಟಪಟ ಅನ್ನುತ್ತೆ. ನಿಮಗೆ ಕೇಳಿಸುತ್ತಿರೋ ಶಬ್ದದಲ್ಲಿ ಅರ್ಧ ಇದೇ ಇರಬಹುದು. ಬೆರಳಿಂದ ಮೂತಿ ಸವರಿ ನೋಡಿ, ಎಳೆ ಬೇರೆ ಬೇರೆಯಾಗಿ ನಿಂತಿದ್ದರೆ ಕತ್ತರಿಯಿಂದ ಆ ಮೂತಿ ದುಂಡಗೆ ಮಾಡಿ. ಹೊಸ ಗರಿ ಇಲ್ಲದೆಯೇ ಶಬ್ದ ತಗ್ಗುತ್ತೆ.

ಬನಾನಾ ಕಟ್ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರ, ಎರಡೂ ತುದಿ ದುಂಡು. ಎತ್ತರ ಕಡಿಮೆ ಇಟ್ಟು ಉದ್ದದಲ್ಲಿ ವಿಸ್ತಾರ ತುಂಬಿಕೊಳ್ಳಬೇಕಾದರೆ ಒಳ್ಳೇದು. ತ್ರಿಕೋನ ಕಟ್ ಇಂಗ್ಲಿಷ್ ಲಾಂಗ್‌ಬೋದವರ ಪ್ರೀತಿಯದ್ದು, ಉದ್ದ, ಮುಂದೆ ತೀರ ತಗ್ಗು. ಕೈ ಮೇಲೆ ಬಾಣ ಇಟ್ಟು ಬಿಡೋರಿಗೆ ಈ ತಗ್ಗು ಮುಂಭಾಗ ಅನುಕೂಲ. ಮನೆಯಲ್ಲಿ ಕತ್ತರಿಸೋಕೂ ಸುಲಭ, ಒಂದು ನೇರ ಗೆರೆ ಅಷ್ಟೆ. ಫ್ಲೂ-ಫ್ಲೂ ಅಂದರೆ ಕತ್ತರಿಸದ ಪೂರ್ತಿ ಎತ್ತರದ ನಾಲ್ಕೈದು ಗರಿ. ಅದು ಮೇಲಕ್ಕೆ ಹೊಡೆದ ಬಾಣ ಬೇಗ ಬಿದ್ದು ಸಿಗಲಿ ಅಂತ, ನಿಮಗೆ ಬೇಡ.

ಗರಿಯ ಬದಲು ಅಂಟಿಸೋ ಪ್ಲಾಸ್ಟಿಕ್ ವೇನ್ ಬಗ್ಗೆ ಇನ್ನೊಬ್ಬರು ಕೇಳಿದ್ದರು. ಕೈ ಮೇಲಿಂದ ಬಿಡೋ ಬಾಣಕ್ಕೆ ಬೇಡವೇ ಬೇಡ. ಗರಿ ತಾಗಿದರೆ ಮಲಗಿ ಏಳುತ್ತೆ, ವೇನ್ ತಾಗಿದರೆ ಬಾಣವನ್ನೇ ಒದೆಯುತ್ತೆ.

ಒಂದು ಬಾಣದ ಮೂರೂ ಗರಿ ಒಂದೇ ಕಡೆಯ ರೆಕ್ಕೆಯದ್ದಾಗಿರಬೇಕು. ಎಡ ಬಲ ಬೆರೆತರೆ ಒಂದು ತಿರುಗಿಸಿದ್ದನ್ನು ಇನ್ನೊಂದು ತಡೆಯುತ್ತೆ. ಬಲ ರೆಕ್ಕೆಯ ಗರಿಗೆ ಬಲ ಹೆಲಿಕಲ್ (ಬಲಕ್ಕೆ ತಿರುಚಿ ಅಂಟಿಸೋದು), ಎಡದ್ದಕ್ಕೆ ಎಡ. ಬಿಲ್ಲುಗಾರ ಬಲಗೈಯವನೋ ಎಡಗೈಯವನೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜಪಾನಿನ ಬಿಲ್ವಿದ್ಯೆ ಕ್ಯೂದೋದಲ್ಲಿ ಬೇಕಂತಲೇ ಬಾಣಗಳನ್ನು ಜೋಡಿ ಮಾಡ್ತಾರೆ: ಮೊದಲು ಬಿಡೋ ಹಾಯಾ ಒಂದು ಕಡೆ ತಿರುಗಿದರೆ ಎರಡನೆಯ ಒತೊಯಾ ಇನ್ನೊಂದು ಕಡೆ. ಅಲ್ಲೂ ಒಂದೇ ಬಾಣದಲ್ಲಿ ಎರಡೂ ಬೆರೆಸಲ್ಲ.

ಇಡೀ ಗರಿ ಕೈಯಲ್ಲಿದ್ದರೆ ಗುರುತಿಸೋದು ಹೀಗೆ. ಕಡ್ಡಿಯ ಮೇಲೆ ಉದ್ದಕ್ಕೆ ಕಾಲುವೆ ಇರೋದು ಒಳಮೈ. ಅದನ್ನು ಆಚೆ ತಿರುಗಿಸಿ, ಹೊರಮೈ ನಿಮ್ಮ ಕಡೆ, ತುದಿ ಮೇಲೆ ಬರೋ ಹಾಗೆ ಹಿಡಿಯಿರಿ. ಅಗಲದ ಪಕ್ಕ ಬಲಕ್ಕಿದ್ದರೆ ಬಲ ರೆಕ್ಕೆ, ಎಡಕ್ಕಿದ್ದರೆ ಎಡ. ಬೇಕಾಗಿರೋದು ಆ ಅಗಲದ ಪಕ್ಕ ಮಾತ್ರ. ಟರ್ಕಿ ಸಾಕೋ ಫಾರಂ ಹತ್ತಿರ ಇದ್ದರೆ ರೆಕ್ಕೆ ತುದಿಯ ದೊಡ್ಡ ಗರಿಗಳನ್ನು ಕೇಳಿ. ಒಂದು ರೆಕ್ಕೆಗೆ ಅಂಥವು ಹತ್ತೇ. ಡಜನ್ ಬಾಣಕ್ಕೆ 36 ತುಂಡು ಬೇಕು, ಅದೂ ಒಂದೇ ಕಡೆಯದ್ದು, ಹಾಗಾಗಿ ಒಂದು ಹಕ್ಕಿಯಿಂದ ಆಗೋ ಕೆಲಸ ಅಲ್ಲ. ಸಾಕಿದ ಹೆಬ್ಬಾತಿನ ಗರಿಯೂ ಆಗುತ್ತೆ, ಮಳೆಯಲ್ಲಿ ಟರ್ಕಿಗಿಂತ ತಡೆಯುತ್ತೆ. ಹದ್ದು, ಗರುಡ, ರಣಹದ್ದಿನ ಗರಿ ದಾರಿಯಲ್ಲಿ ಬಿದ್ದಿದ್ದರೂ ತರಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಕಡ್ಡಿಯನ್ನು ಹೊಸ ಬ್ಲೇಡಿನಲ್ಲಿ ನಡುವೆ ಸೀಳಿ, 120 ನಂಬರಿನ ಮರಳು ಕಾಗದದ ಮೇಲೆ ಉಜ್ಜಿ ತಳ ಚಪ್ಪಟೆ ಮಾಡಿ. ತಳದ ಅಗಲ ಒಂದೂವರೆ ಎರಡು ಮಿಲಿಮೀಟರ್ ಉಳಿಯಲಿ. ಇನ್ನೂ ಉಜ್ಜಿದರೆ ಗರಿ ನೆಟ್ಟಗೆ ನಿಲ್ಲದೆ ಒಂದು ಪಕ್ಕಕ್ಕೆ ವಾಲುತ್ತೆ. ಒಂದು ಬಾಣದ ಮೂರು ತುಂಡೂ ಗರಿಯ ಒಂದೇ ಭಾಗದ್ದಾಗಲಿ. ಬುಡದ ಕಡೆ ಬಿರುಸು, ತುದಿಯ ಕಡೆ ಮೆತ್ತಗೆ. ಬೆರೆಸಿದರೆ ಮೂರೂ ಒಂದೇ ಥರ ಕೆಲಸ ಮಾಡಲ್ಲ.

ಕತ್ತರಿಸೋಕೆ ಗಟ್ಟಿ ಪ್ಲಾಸ್ಟಿಕ್ ಫೈಲ್ ಹಾಳೆಯಲ್ಲಿ ಒಂದೇ ಅಳತೆಯ ಎರಡು ಅಚ್ಚು ಮಾಡಿ. ನಾಲ್ಕಿಂಚಿನ ಪ್ಯಾರಬೋಲಿಕ್‌ಗೆ ಒಟ್ಟು ಉದ್ದ 102 ಮಿಲಿಮೀಟರ್. ಮುಂದಿನಿಂದ 25ಕ್ಕೆ ಎತ್ತರ 5, 50ಕ್ಕೆ 9, 75ಕ್ಕೆ 12, ಅಲ್ಲಿಂದ ದುಂಡಗೆ ಇಳಿಸಿ. ಗರಿಯನ್ನು ಎರಡು ಅಚ್ಚಿನ ನಡುವೆ ಕ್ಲಿಪ್ ಹಾಕಿ ಹಿಡಿದು, ಉದ್ದ ಕತ್ತರಿಯಲ್ಲಿ ನಿಲ್ಲಿಸದೆ ಕತ್ತರಿಸಿ. ಸಣ್ಣ ಕತ್ತರಿಯಲ್ಲಿ ಕಚಕಚ ಮಾಡಿದ ಅಂಚು ಶಬ್ದ ಮಾಡುತ್ತೆ. ಕಾಯಿಸಿದ ನೈಕ್ರೋಮ್ ತಂತಿಯಲ್ಲಿ ಸುಡೋ ವಿಧಾನದಲ್ಲಿ ಅಂಟಿಸಿದ ಮೇಲೆ ಬಾಣ ತಿರುಗಿಸುತ್ತಾ ಮೂರನ್ನೂ ಒಂದೇ ಅಳತೆಗೆ ತರಬಹುದು, ಅಂಚು ಬಹಳ ನಯ. ಕೂದಲು ಸುಟ್ಟ ವಾಸನೆ ಮನೆ ತುಂಬುತ್ತೆ, ಹೊರಗೆ ಮಾಡಿ.

ಅಂಟಿಸುವಾಗ ಗರಿಯ ಹಿಂತುದಿಗೂ ನಾಕ್‌ನ (ಹೆದೆ ಕೂರೋ ಬಾಣದ ಹಿಂತುದಿ) ತೋಡಿಗೂ ನಡುವೆ 25-30 ಮಿಲಿಮೀಟರ್ ಬಿಡಿ, ಇಲ್ಲದಿದ್ದರೆ ಬೆರಳು ಗರಿ ತುಳಿಯುತ್ತೆ. ಕಾಕ್ ಫೆದರ್ (ಮೂರರಲ್ಲಿ ಬೇರೆಯಾಗಿ ನಿಲ್ಲೋ ಗರಿ) ತೋಡಿಗೆ ಅಡ್ಡ, ಬಿಲ್ಲಿನಿಂದ ಆಚೆಗೆ. ಬಿದಿರಿನ ಹೊರಸಿಪ್ಪೆ ನುಣುಪು, ಗರಿಯ ಜಾಗದಲ್ಲಿ ಮರಳು ಕಾಗದ ಆಡಿಸದಿದ್ದರೆ ಯಾವ ಅಂಟೂ ನಿಲ್ಲಲ್ಲ. ಫೆವಿಕ್ವಿಕ್ ಆಗುತ್ತೆ, ತೆಳುವಾಗಿ ಎಳೆಯಿರಿ. ಹೆಚ್ಚಾದರೆ ಎಳೆಗಳ ಬುಡಕ್ಕೆ ಏರಿ ಗಟ್ಟಿಯಾಗಿ ಮುರಿಯುತ್ತೆ.

ಇದೊಂದನ್ನು ದಯವಿಟ್ಟು ಬಿಡಬೇಡಿ: ಗರಿಯ ಮುಂತುದಿಯ ಕಡ್ಡಿ. ಅದು ಎದ್ದುಕೊಂಡಿದ್ದರೆ ಬಾಣ ಹೊರಡುವಾಗ ನಿಮ್ಮ ಕೈಗೆ ಸೂಜಿಯಂತೆ ಇಳಿಯುತ್ತೆ, ಕಡ್ಡಿ ಮುರಿದು ಒಳಗೇ ಉಳಿಯೋದೂ ಉಂಟು. ಮುಂತುದಿಯನ್ನು ಇಳಿಜಾರಾಗಿ ಉಜ್ಜಿ, ಒಂದು ಹನಿ ಅಂಟು ಹಾಕಿ, ಮೇಲೆ ನೈಲಾನ್ ದಾರ ಎಂಟು ಹತ್ತು ಸುತ್ತು ಬಿಗಿಯಾಗಿ ಸುತ್ತಿ ಅದಕ್ಕೂ ಅಂಟು ಸವರಿ. ಪ್ರತಿ ಸಲ ಬಿಲ್ಲಿಗೆ ಏರಿಸೋ ಮೊದಲು ಹೆಬ್ಬೆರಳಿಂದ ಆ ಜಾಗ ತಡವಿ ನೋಡಿ. ಕೈಗೆ ಗ್ಲೌಸ್ ಇದ್ದರೂ ಇದು ಬೇಕು.

ಮಳೆಗಾಲಕ್ಕೆ: ಒದ್ದೆಯಾದ ಗರಿ ಮಲಗಿಬಿಡುತ್ತೆ, ಆಗ ಯಾವ ಆಕಾರವಾದರೂ ಒಂದೇ. ಒಣಗಿಸಿ, ಕುದಿಯೋ ನೀರಿನ ಹಬೆಯಲ್ಲಿ ಹತ್ತು ಹದಿನೈದು ಸೆಕೆಂಡು ಬಾಣ ತಿರುಗಿಸಿದರೆ ಎದ್ದು ನಿಲ್ಲುತ್ತೆ. ಸೊಟ್ಟಗಾದ ಗರಿಗೂ ಇದೇ ಮದ್ದು. ಹುಳು ದೊಡ್ಡ ಶತ್ರು, ಮುಚ್ಚಿದ ಡಬ್ಬಿಯಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಡಿ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಇಂಗ್ಲೆಂಡಿನ ಯುದ್ಧ ಹಡಗು ಮೇರಿ ರೋಸ್‌ನ ಬಾಣಗಳಲ್ಲೂ ಗರಿಯ ಜಾಗದ ಅಂಟಿನಲ್ಲಿ ತಾಮ್ರದ ಅಂಶ ಸಿಕ್ಕಿದೆ, ಹುಳು ತಿನ್ನದಿರಲಿ ಅಂತ ಬೆರೆಸಿದ್ದಿರಬೇಕು ಅನ್ನೋದು ಒಂದು ಊಹೆ.

ಸದ್ಯಕ್ಕೆ ಹೊಸ ಪ್ಯಾಕೆಟ್ ಆರ್ಡರ್ ಮಾಡೋದು ತಡೆಯಿರಿ. ಈಗಿರೋ ಐದಿಂಚಿನ ಶೀಲ್ಡನ್ನೇ ಎರಡು ಬಾಣದಲ್ಲಿ ಪ್ಯಾರಬೋಲಿಕ್ ಗೆರೆಗೆ ಇಳಿಸಿ ಹೊಡೆದು ನೋಡಿ. ಬೇರ್ ಶಾಫ್ಟ್ ಬಿದ್ದ ಜಾಗದ ಫೋಟೋ ಹಾಕಿ, ಎಷ್ಟು ಮೀಟರ್ ಅಂತ ಬರೆಯಿರಿ, ಮೊನೆಯ ತೂಕ ಎಷ್ಟಿರಬೇಕು ಅಂತ ಅದನ್ನು ನೋಡಿ ಹೇಳಬಹುದು.