ತುರುಬಿಗೆ ಎಷ್ಟು ಹಸಿ ಬೇಕು?

ಓದುಗರ ಪತ್ರ: ನನ್ನ ಕೂದಲು ಸೊಂಟದವರೆಗೆ ಬಂದು ಎರಡು ವರ್ಷದಿಂದ ಅಲ್ಲೇ ನಿಂತಿದೆ. ತುದಿ ಸೀಳಿ ಕಸಬರಿಗೆಯಂತಾಗಿದೆ. ಹಸಿ ಕೂದಲನ್ನೇ ತುರುಬು ಕಟ್ಟಿ ಮಲಗಿದರೆ ತೇವ ಉಳಿದು ಉದ್ದ ಬರುತ್ತದೆಂದು ಕೇಳಿ ಮೂರು ವಾರ ದಿನವೂ ಹಾಗೇ ಮಾಡಿದೆ. ತುದಿ ಮೆತ್ತಗಾಗಿದ್ದು ನಿಜ. ಆದರೆ ಈಗ ನೆತ್ತಿ ಕೆರೆತ, ಬೆಳಿಗ್ಗೆ ಬಿಚ್ಚಿದರೆ ಮುಗ್ಗಲು ವಾಸನೆ. ‘ಹಸಿ ತೆಲಿ ಕಟ್ಟಬ್ಯಾಡ ಅಂದ್ರ ಕೇಳಂಗಿಲ್ಲ, ನೆಗಡಿ ಹಿಡಿತೈತಿ, ಕೂದ್ಲಾನೂ ಉದರ್ತಾವ’ ಅಂತ ಅತ್ತೆಯವರ ಗೊಣಗಾಟ. ನಮ್ಮ ಮನೆಗೆ ಬೋರಿನ ನೀರು. ನಾನು ತಪ್ಪುತ್ತಿರುವುದು ಎಲ್ಲಿ?
— ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಸಂಪಾದಕರ ಉತ್ತರ: ತೇವ ಬೇಕಾಗಿದ್ದು ತುದಿಗೆ, ನೀವು ಕೊಟ್ಟದ್ದು ನೆತ್ತಿಗೆ. ತಪ್ಪಿದ್ದು ಅಲ್ಲಿ. ನಿಮ್ಮ ಅತ್ತೆಯವರ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ನೆಗಡಿ ಬರುವುದು ವೈರಸ್ಸಿನಿಂದ, ಹಸಿ ತಲೆಯಿಂದಲ್ಲ. ಆ ಭಾಗ ಬಿಡಿ. ಆದರೆ ಬುಡ ಹಸಿಯಿದ್ದಾಗಲೇ ಬಿಗಿದು ಕಟ್ಟಿ, ಅದರ ಮೇಲೆ ಎಂಟು ತಾಸು ಮಲಗಿದರೆ ನೆತ್ತಿ ಕೆಡುತ್ತದೆ, ಬುಡವೂ ಜಗ್ಗುತ್ತದೆ. ನಮ್ಮ ಕಡೆ ಬಾಣಂತಿಯ ತಲೆಗೆ ನೀರು ಹಾಕಿದ ಮೇಲೆ ಲೋಬಾನದ ಹೊಗೆ ಹಿಡಿದು ಬುಡ ಒಣಗಿಸುತ್ತಿದ್ದರಲ್ಲ, ಅದಾದ ಮೇಲೇ ಸಡಿಲವಾಗಿ ಗಂಟು ಹಾಕುತ್ತಿದ್ದುದು. ಬುಡ ಮೊದಲು ಒಣಗಬೇಕು, ತುದಿ ತಡವಾಗಿ ಒಣಗಿದರೂ ನಡೆಯುತ್ತದೆ ಎಂಬ ಲೆಕ್ಕ ಆ ಕ್ರಮದಲ್ಲೇ ಇದೆ. (ಹೊಗೆಯನ್ನೇ ಮತ್ತೆ ಶುರು ಮಾಡಿ ಎಂದು ಹೇಳುತ್ತಿಲ್ಲ, ದಮ್ಮು ಇರುವವರ ಮನೆಯಲ್ಲಂತೂ ಬೇಡವೇ ಬೇಡ.)

ಹಸಿ ತುರುಬಿನಿಂದ ಕೂದಲು ಬೆಳೆಯುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು. ಬೆಳೆಯುವುದು ಬುಡದಲ್ಲಿ, ಚರ್ಮದ ಒಳಗೆ, ತಿಂಗಳಿಗೆ ಹೆಚ್ಚುಕಡಿಮೆ 1ರಿಂದ 1.25 ಸೆಂ.ಮೀ. ಹೊರಗೆ ಬಂದ ಕೂದಲಿಗೆ ಜೀವ ಇರುವುದಿಲ್ಲ. ನೀವು ತುದಿಗೆ ಏನೇ ಹಚ್ಚಿದರೂ ಬುಡಕ್ಕೆ ಗೊತ್ತಾಗದು. ಸೊಂಟ ಮುಟ್ಟುವ 75 ಸೆಂ.ಮೀ. ಕೂದಲಿನ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ಅಂದರೆ ರಾಯಚೂರು ಜಿಲ್ಲೆಯ ಐದಾರು ಬೇಸಿಗೆ, ಅಷ್ಟೂ ವರ್ಷದ ಬೋರಿನ ನೀರು, ಸಾವಿರಾರು ಸಲದ ಬಾಚಣಿಗೆ, ಎಲ್ಲವನ್ನೂ ಕಂಡ ತುದಿ ಅದು. ಬುಡದಲ್ಲಿ ಸೇರಿದಷ್ಟೇ ತುದಿಯಲ್ಲಿ ಮುರಿಯುತ್ತಿದ್ದರೆ ಉದ್ದ ನಿಂತಲ್ಲೇ ನಿಲ್ಲುತ್ತದೆ. ನಿಮ್ಮದು ಬಹುತೇಕ ಇದೇ ಪ್ರಕರಣ.

ಖಾತ್ರಿ ಮಾಡಿಕೊಳ್ಳಬೇಕೆ? ಬಾಚುವಾಗ ಹೆಗಲಿಗೆ ಕಪ್ಪಲ್ಲದ ಗಾಢ ಬಣ್ಣದ ಬಟ್ಟೆ ಹಾಕಿ. ಬಿದ್ದ ಎಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಬುಟು ಇದ್ದರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಸಹಜ. ಗುಬುಟಿಲ್ಲದ ಗಿಡ್ಡ ತುಂಡುಗಳಾದರೆ ಮುರಿದದ್ದು. ನಸುಹಸಿ ತುರುಬು ತಡೆಯಬಲ್ಲದ್ದು ಈ ಎರಡನೆಯದನ್ನು ಮಾತ್ರ. ಗುಬುಟಿನವೇ ರಾಶಿ ಬೀಳುತ್ತಿದ್ದರೆ ತುರುಬಿನ ಮಾತು ಬಿಟ್ಟು ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ.

ಈಗ ನೀರಿನ ವಿಷಯ. ಕೂದಲು ತನ್ನ ತೂಕದ ನೂರಕ್ಕೆ 30ರಷ್ಟು ನೀರು ಕುಡಿಯುತ್ತದೆ. ಪೂರ್ತಿ ನೆಂದಾಗ ಅದರ ದಪ್ಪ ನೂರಕ್ಕೆ 14–15ರಷ್ಟು ಹಿಗ್ಗುತ್ತದೆ, ಉದ್ದ 2ಕ್ಕೂ ಕಡಿಮೆ. ಹಿಗ್ಗಿದಾಗ ಮೇಲಿನ ಹುರುಪೆಗಳು ಎದ್ದು ನಿಲ್ಲುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎಳೆ ರಬ್ಬರಿನಂತೆ ಹಿಗ್ಗಿದರೂ ಒಣ ಎಳೆಗಿಂತ ಬೇಗ ಸೋಲುತ್ತದೆ. ನೆಂದಾಗ ಬಿಗಿದ ತುರುಬು ಒಣಗುತ್ತ ಕುಗ್ಗುತ್ತದೆ, ರಾತ್ರಿ ಹತ್ತಕ್ಕೆ ಸಡಿಲ ಅನ್ನಿಸಿದ್ದು ಬೆಳಗಿನ ಜಾವ ನೆತ್ತಿ ಜಗ್ಗುತ್ತಿರುತ್ತದೆ. ದಿನವೂ ನೆನೆಸಿ ದಿನವೂ ಒಣಗಿಸಿದರೆ ಈ ಹಿಗ್ಗು–ಕುಗ್ಗಿನಲ್ಲೇ ಎಳೆ ಸವೆಯುತ್ತದೆ. ಮೂರು ವಾರಕ್ಕೆ ಮೆತ್ತಗಾದ ತುದಿ ಮೂರು ತಿಂಗಳಿಗೆ ಅಂಟಂಟು, ಜೋಲು ಜೋಲು ಆಗುವುದು ಇದರಿಂದಲೇ. ಗಂಟೆಗಟ್ಟಲೆ ಹಸಿ ಇದ್ದಷ್ಟೂ ಒಳ್ಳೆಯದೆಂಬ ನಂಬಿಕೆಗೂ ಆಧಾರ ಇಲ್ಲ: 2011ರಲ್ಲಿ ಕೊರಿಯಾದ ಚರ್ಮರೋಗ ತಜ್ಞರು ಹೋಲಿಸಿ ನೋಡಿದಾಗ, 15 ಸೆಂ.ಮೀ. ದೂರದಿಂದ ಆಡಿಸುತ್ತ ಡ್ರೈಯರ್ ಹಿಡಿದ ಕೂದಲಿಗಿಂತ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲೇ ಎಳೆಯ ಒಳಗಿನ ಕೋಶಗಳನ್ನು ಬೆಸೆಯುವ ಪದರ ಹಾಳಾಗಿತ್ತು.

ಹಾಗಾದರೆ ತುರುಬು ಕಟ್ಟುವುದು ಯಾಕೆ? ತುದಿಯನ್ನು ಬಿಸಿಗಾಳಿ, ಬಿಸಿಲು, ಸೀರೆಯ ಜರಿ, ಕುರ್ಚಿಯ ಬೆನ್ನು ಇವುಗಳಿಂದ ಮುಚ್ಚಿಡಲು. ಕೊಟ್ಟ ಕಂಡೀಶನರ್, ಎಣ್ಣೆ ಒಮ್ಮೆಲೇ ಒಣಗಿಹೋಗದೆ ಹಿಡಿಯಲು. ಅಷ್ಟಕ್ಕೆ ಒದ್ದೆ ಬೇಕಿಲ್ಲ, ನಸುಹಸಿ ಸಾಕು.

ನಸುಹಸಿ ಅಂದರೆ ಎಷ್ಟು? ತಲೆ ತೊಳೆದ ಮೇಲೆ ಹಳೆಯ ಹತ್ತಿ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ, ಹಿಂಡಿ ತಿರುಚಬೇಡಿ. ಪಂಚೆ 15 ನಿಮಿಷಕ್ಕಿಂತ ಹೆಚ್ಚು ತಲೆಯ ಮೇಲೆ ಇರಬಾರದು. ಆಮೇಲೆ ನೆರಳಲ್ಲಿ ಬಿಚ್ಚಿ ಬಿಡಿ, ಬೆರಳಿಂದ ಬುಡ ಬಿಡಿಸುತ್ತಿರಿ. ಬುಡಕ್ಕೆ ಬೆರಳಿಟ್ಟರೆ ಪೂರ್ತಿ ಒಣಗಿರಬೇಕು. ಕಿವಿಯಿಂದ ಕೆಳಗಿನದು ತಣ್ಣಗೆ ತಾಗಬೇಕು, ಆದರೆ ಒದ್ದೆ ಮಾಡಬಾರದು. ಅನುಮಾನವಿದ್ದರೆ ದಿನಪತ್ರಿಕೆಯ ಅಚ್ಚಿಲ್ಲದ ಅಂಚನ್ನು ಹರಿದು, ಒಂದು ಹಿಡಿ ಕೂದಲನ್ನು ಅದರ ನಡುವೆ ಇಟ್ಟು ಹತ್ತು ಎಣಿಸುವವರೆಗೆ ಒತ್ತಿ. ಕಾಗದ ಒದ್ದೆಯಾಗಿ ಕಲೆ ಮೂಡಿದರೆ ಇನ್ನೂ ಕಾಯಿರಿ. ಬರೀ ಮೆತ್ತಗಾದರೆ ಕಟ್ಟಬಹುದು.

ಕಟ್ಟುವ ಮುಂಚೆ ಹೆಸರುಕಾಳಿನಷ್ಟು ಹಚ್ಚಿಬಿಡುವ ಕಂಡೀಶನರನ್ನು, ಅಂದರೆ ತೊಳೆಯಬೇಕಿಲ್ಲದ ಬಗೆಯದನ್ನು, ಕೆಳಗಿನ ಒಂದು ಗೇಣಿಗೆ ಸವರಿ. ಅದರ ಮೇಲೆ ಅಂಗೈಯಲ್ಲಿ ಉಜ್ಜಿದ 5–6 ಹನಿ ಕೊಬ್ಬರಿ ಎಣ್ಣೆ. ಈ ಕ್ರಮ ತಿರುಗಿಸಬೇಡಿ. ಎಲ್ಲ ಎಣ್ಣೆಯೂ ಒಂದೇ ಅಲ್ಲ: 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದಾಗ ಕೂದಲಿನ ಪ್ರೋಟೀನ್ ಸೋರಿಕೆ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಕೊಬ್ಬು ಸಣ್ಣದು, ನೆಟ್ಟಗಿನದು, ಎಳೆಯ ಒಳಗೆ ಇಳಿಯುತ್ತದೆ. ಔಡಲ ಎಣ್ಣೆ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಸಿಗುತ್ತದೆ ನಿಜ, ಆದರೆ ಅದು ಜಿಗುಟು. ಉದ್ದ ಕೂದಲಿಗೆ ಒಂಟಿಯಾಗಿ ಹಚ್ಚಿ ತುರುಬು ಸುತ್ತಿದರೆ ಬಿಚ್ಚುವಾಗ ಸಿಕ್ಕು ಗ್ಯಾರಂಟಿ.

ಇನ್ನು ಸುತ್ತುವುದು. ಸೊಂಟದುದ್ದದ ಕೂದಲಿಗೆ ಒಂದೇ ದೊಡ್ಡ ತುರುಬು ಬೇಡ. ಸಾಧಾರಣ ದಪ್ಪವಿದ್ದರೆ ಎರಡು, ದಪ್ಪ ಜಡೆಯಾದರೆ ನಾಲ್ಕು ಪಾಲು ಮಾಡಿ. ಪ್ರತಿ ಪಾಲನ್ನು ಹಗ್ಗ ಹೊಸೆದಂತೆ ಬಿಗಿಯಾಗಿ ಅಲ್ಲ, ಮೂರು ನಾಲ್ಕು ಹುರಿ ಮಾತ್ರ ತಿರುವಿ, ಕೊಡ ಹೊರಲು ಸಿಂಬಿ ಸುತ್ತುತ್ತಾರಲ್ಲ, ಹಾಗೆ ನಡುವೆ ಎರಡು ಬೆರಳು ತೂರುವಷ್ಟು ತೂತು ಬಿಟ್ಟು ಸುತ್ತಿ. ಮುದ್ದೆ ಮಾಡಿದ ತುರುಬಿನ ಹೊಟ್ಟೆಗೆ ಗಾಳಿ ಹೋಗುವುದಿಲ್ಲ, ಸಿಂಬಿಗೆ ಎರಡೂ ಕಡೆಯಿಂದ ಹೋಗುತ್ತದೆ. ತುದಿಯನ್ನು ಹೊರಗೆ ಬಿಡದೆ ಸುತ್ತಿನ ಅಡಿಗೆ ಸೇರಿಸಿ, ಎರಡು ಮೂರು ಯು ಪಿನ್ ಇಲ್ಲವೇ ಬಟ್ಟೆ ಹೊದಿಸಿದ ರಬ್ಬರ್ ಹಾಕಿ. ಬರಿಯ ರಬ್ಬರ್ ಬ್ಯಾಂಡ್ ಹಸಿ ಕೂದಲಿಗೆ ಚಾಕು ಇದ್ದಂತೆ. ಹಲ್ಲಿನ ಕ್ಲಿಪ್ ಕೂಡ ಒಂದೇ ಜಾಗಕ್ಕೆ ಕಚ್ಚಿ ಕಚ್ಚಿ ಅಲ್ಲೇ ಮುರಿಸುತ್ತದೆ. ಹಗಲಾದರೆ ಕಿವಿಯ ಹಿಂದೆ ತಗ್ಗಿನಲ್ಲಿ, ಮಲಗುವಾಗ ನಡುನೆತ್ತಿಯ ಮೇಲೆ. ಹುಬ್ಬು ಎತ್ತಿದರೆ ಹಣೆಯಂಚು ಜಗ್ಗಿದಂತಾದರೆ ಬಿಚ್ಚಿ ಮತ್ತೆ ಕಟ್ಟಿ. ವರ್ಷಗಟ್ಟಲೆ ಜಗ್ಗಿದರೆ ಹಣೆಯಂಚಿನ ಕೂದಲು ಮರಳಿ ಬಾರದೇ ಹೋಗಬಹುದು.

ಎರಡರಿಂದ ನಾಲ್ಕು ತಾಸು ಸಾಕು. ಮಲಗುವ ಮುಂಚೆ ಸಿಂಬಿಯ ನಡುವೆ ಬೆರಳು ತೂರಿ ನೋಡಿ. ಇನ್ನೂ ತಣ್ಣಗಿದ್ದರೆ ಬಿಚ್ಚಿ, ಸಡಿಲ ಹೆರಳು ಹೆಣೆದು ಮಲಗಿ. ನಿಮ್ಮ ತುರುಬು ಬೆಳಗಾದರೂ ಒಣಗದ್ದಕ್ಕೆ ಇನ್ನೊಂದು ಕಾರಣ ಇರಬಹುದು, ನೀವು ಅದನ್ನು ಬರೆದಿಲ್ಲ: ಕೂಲರ್. ಹುಲ್ಲಿಗೆ ನೀರು ಹರಿಸಿ ಗಾಳಿ ಊದುವ ಕೂಲರ್ ಕೋಣೆಯ ಗಾಳಿಯಲ್ಲೇ ನೀರು ತುಂಬುತ್ತದೆ. ಹೊರಗೆ ಒಣ ಬೇಸಿಗೆ, ಒಳಗೆ ಮಳೆಗಾಲ. ಅದರ ಮುಂದೆ ಹಸಿ ತುರುಬು ಹೇಗೆ ಒಣಗೀತು? ಹಸಿ ಇದ್ದಾಗ ಹೆಲ್ಮೆಟ್, ಬಿಗಿಯಾದ ಸ್ಕಾರ್ಫ್, ಮಲ್ಲಿಗೆ ದಂಡೆ ಇವೂ ಬೇಡ.

ಕಾಲಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಮಾರ್ಚಿನಿಂದ ಮೇ ಕೊನೆಯವರೆಗೆ, 40 ಡಿಗ್ರಿ ದಾಟುವ ನಮ್ಮ ಒಣ ಬಿಸಿಲಿನಲ್ಲಿ ಈ ವಿಧಾನಕ್ಕೆ ಬೆಲೆ ಹೆಚ್ಚು. ಬೆಳಿಗ್ಗೆ ಕಟ್ಟಿದ್ದು ಊಟದ ಹೊತ್ತಿಗೆ ಒಣಗಿರುತ್ತದೆ, ತುದಿಗೆ ಬಿಸಿಗಾಳಿ ತಾಗಿರುವುದಿಲ್ಲ. ಜುಲೈ–ಸೆಪ್ಟೆಂಬರಿನ ಮೋಡದ ದಿನಗಳಲ್ಲಿ, ಅದರಲ್ಲೂ ಸುತ್ತ ಭತ್ತದ ಗದ್ದೆಗೆ ನೀರು ನಿಂತಿರುವ ನಿಮ್ಮಂಥ ಊರಲ್ಲಿ, ಕೂದಲು ಪೂರ್ತಿ ಒಣಗಿಸಿಯೇ ಕಟ್ಟಿ.

ತಲೆ ತೊಳೆಯುವುದು ವಾರಕ್ಕೆ ಎರಡು ಸಲ ಇರಲಿ. ನಡುವಿನ ದಿನಗಳಲ್ಲಿ ತುದಿ ಒರಟಾಯಿತೆಂದು ನಲ್ಲಿಯ ಕೆಳಗೆ ತಲೆ ಒಡ್ಡಬೇಡಿ. 100 ಮಿ.ಲೀ. ಸ್ಪ್ರೇ ಬಾಟಲಿಗೆ ಕುಡಿಯುವ ನೀರು, ಒಂದು ಟೀ ಚಮಚ ಕಂಡೀಶನರ್ ಹಾಕಿ ಕಲಕಿ, ಭುಜದಿಂದ ಕೆಳಗಿನ ಕೂದಲಿಗೆ ಮಾತ್ರ 8–10 ಸಲ ಸಿಂಪಡಿಸಿ ಸುತ್ತಿಕೊಳ್ಳಿ. ವಾರಕ್ಕೆ ಎರಡು ಮೂರು ಸಲ ಸಾಕು. ಮೂರು ದಿನಕ್ಕೆ ಉಳಿದ ನೀರು ಚೆಲ್ಲಿ ಬಾಟಲಿ ತೊಳೆಯಿರಿ, ಇಲ್ಲದಿದ್ದರೆ ಅದೇ ಮುಗ್ಗುತ್ತದೆ.

ಬೋರಿನ ನೀರಿನ ಸಂಗತಿ. ಬಚ್ಚಲ ಹಂಡೆಯ ಒಳಮೈ ನೋಡಿ, ಉಗುರಿನಿಂದ ಕೆರೆದರೂ ಬಾರದ ಬಿಳಿ ಕರೆ ಕಟ್ಟಿರುತ್ತದೆ. ಅದೇ ಸುಣ್ಣ ನಿಮ್ಮ ಎಳೆಗಳ ಮೇಲೂ ಕೂರುತ್ತದೆ. ಅದರ ಮೇಲೆ ಮೈಸೋಪು ಹಚ್ಚಿದರೆ ಸುಣ್ಣ, ಸೋಪು ಸೇರಿ ಜಿಗುಟು ಗಸಿಯಾಗಿ ಕೂದಲಿಗೆ ಅಂಟುತ್ತದೆ, ಎಷ್ಟು ನೀರು ಹೊಯ್ದರೂ ಹೋಗದು. ಶಾಂಪೂ, ಸೀಗೆಕಾಯಿ ಹಾಗೆ ಗಸಿ ಕಟ್ಟುವುದಿಲ್ಲ. ಕೊನೆಯ ಎರಡು ತಂಬಿಗೆ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರಾಗಿರಲಿ, ತುದಿಗೆ ಹೊಯ್ದರೆ ಸಾಕು. ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಕೂದಲಿಗೆ ಹೊಯ್ದು, ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ನೆತ್ತಿ ಕೆರೆದು ಗಾಯವಾಗಿದ್ದರೆ ಬೇಡ.

ಸದ್ಯದ ಕೆರೆತಕ್ಕೆ: ಎರಡು ವಾರ ಹಸಿ ತುರುಬು ಪೂರ್ತಿ ನಿಲ್ಲಿಸಿ, ನೆತ್ತಿಗೆ ಎಣ್ಣೆ ಹಚ್ಚಬೇಡಿ. ಹೊಟ್ಟು ಎಬ್ಬಿಸುವ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಹಸಿ, ಬೆಚ್ಚನೆ, ಎಣ್ಣೆ ಮೂರೂ ಸಿಕ್ಕರೆ ಸೊಕ್ಕುತ್ತದೆ. ನೂರಕ್ಕೆ 2ರ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ನೆತ್ತಿಯ ಮೇಲೆ 5 ನಿಮಿಷ ಬಿಟ್ಟು ತೊಳೆಯಿರಿ, ನಾಲ್ಕು ವಾರದವರೆಗೆ. ಬಸುರಿ ಅಥವಾ ಹಾಲೂಡಿಸುವವರಾದರೆ ವೈದ್ಯರನ್ನು ಕೇಳಿಯೇ ಹಚ್ಚಿ. ಎಳೆಗಳ ಮೇಲೆ ಸೀರಿನಂಥ ಬಿಳಿ ಚುಕ್ಕೆ ಕಂಡರೆ ಉಗುರಿನಲ್ಲಿ ಹಿಡಿದು ಎಳೆದು ನೋಡಿ. ಸೀರು ಒಂದೇ ಬದಿಗೆ ಗಟ್ಟಿಯಾಗಿ ಅಂಟಿರುತ್ತದೆ. ಎಳೆಯನ್ನು ಸುತ್ತುವರಿದು, ಮೆತ್ತಗಿದ್ದು, ಜಾರಿ ಬಂದರೆ ಅದು ಬಿಳಿ ಪೀಡ್ರಾ ಎಂಬ ಶಿಲೀಂಧ್ರ ಇರಬಹುದು. ಹಸಿ ಕೂದಲು ಕಟ್ಟಿ ಮುಚ್ಚಿಡುವವರಲ್ಲಿ ಕಾಣುವಂಥದ್ದು. ಅದನ್ನು ಚರ್ಮದ ವೈದ್ಯರಿಗೆ ತೋರಿಸಿ, ಹೇನಿನ ಔಷಧಿ ಹಾಕುತ್ತ ಕೂರಬೇಡಿ.

ಸೀಳಿದ ತುದಿ ಯಾವ ಎಣ್ಣೆಗೂ ಕೂಡುವುದಿಲ್ಲ, ಬಿಟ್ಟರೆ ಮೇಲಕ್ಕೆ ಹರಿಯುತ್ತ ಹೋಗುತ್ತದೆ. ಹೊಸದಾಗಿ ಶುರು ಮಾಡುವ ಮುಂಚೆ ಸೀಳು ನಿಂತ ಜಾಗಕ್ಕಿಂತ ಒಂದು ಸೆಂ.ಮೀ. ಮೇಲೆ ಕತ್ತರಿಸಿಬಿಡಿ. ಅದೇ ದಿನ ಒಣ ಕೂದಲನ್ನು ಹಣೆಯಂಚಿನಿಂದ ತುದಿಯವರೆಗೆ ಟೇಪಿನಲ್ಲಿ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ವಾರವಾರ ಅಳೆಯಬೇಡಿ, ಮೂರು ತಿಂಗಳಾದ ಮೇಲೆ ಒಮ್ಮೆ. 3 ಸೆಂ.ಮೀ. ಆಸುಪಾಸು ಸೇರಿದ್ದರೆ ಮುರಿಯುವುದು ನಿಂತಿದೆ. ಒಂದೂವರೆ ಮಾತ್ರ ಇದ್ದರೆ ಇನ್ನೂ ಎಲ್ಲೋ ಮುರಿಯುತ್ತಿದೆ: ಮೊದಲು ಹಸಿಯಲ್ಲೇ ಸಣ್ಣ ಹಲ್ಲಿನ ಹಣಗಿ ಆಡಿಸುತ್ತಿದ್ದೀರಾ ನೋಡಿ, ಆಮೇಲೆ ರಬ್ಬರ್ ಬ್ಯಾಂಡ್, ಆಮೇಲೆ ದಿಂಬಿನ ಒರಟು ಕವರ್.