ಅಪ್ಪ ಅಮ್ಮನ ಜೊತೆ ನಾರ್ವೆ: ಮೂರು ಫ್ಯೋರ್ಡ್‌ನ ಟೂರ್ ಸಾಕಾ, ಐದರದ್ದು ಬೇಕಾ?

ಅಪ್ಪ ಅಮ್ಮನನ್ನು ಕರೆದುಕೊಂಡು ನಾರ್ವೆಗೆ ಹೋಗಲು ಮೂರು ಫ್ಯೋರ್ಡ್ ತೋರಿಸುವ ಟೂರ್ ಒಳ್ಳೆಯದಾ, ಐದು ತೋರಿಸುವುದಾ, ಸಸ್ಯಾಹಾರ ಸಿಗುತ್ತದಾ ಅಂತ ಕೇಳಿದ್ದೀರಿ. ಫ್ಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ಉದ್ದನೆಯ ಕವಲು. ನಾನೂ ಹೀಗೇ ಲೆಕ್ಕ ಹಾಕಿ ಐದರ ಪ್ಯಾಕೇಜನ್ನೇ ತೆಗೆದುಕೊಂಡಿದ್ದೆ. ಅಪ್ಪ, ಅಮ್ಮ, ನಾನು. ಜೂನ್ ತಿಂಗಳು, ಆರು ದಿನ, ಓಸ್ಲೊದಿಂದ ಬರ್ಗೆನ್‌ವರೆಗೆ ಬಸ್ಸು, ಜೊತೆಗೆ ಗೈಡ್.

ಮೂರನೇ ದಿನ ಗೈರಾಂಗರ್ ಫ್ಯೋರ್ಡ್. ಅಲ್ಲಿಂದ ಹೆಲ್ಲೆಸಿಲ್ಟ್ ಊರಿಗೆ ಸುಮಾರು ಒಂದು ಗಂಟೆಯ ಫೆರ್ರಿ. ಬಸ್ಸೂ ನಮ್ಮ ಜೊತೆಯೇ ಅದರ ಹೊಟ್ಟೆಯೊಳಗೆ ಬಂತು. ನಾವು ಮೇಲೆ ಹತ್ತಿ 'ಏಳು ಅಕ್ಕತಂಗಿಯರು' ಅನ್ನುವ ಜಲಪಾತ ನೋಡಿದೆವು. ಅಮ್ಮ ಎಣಿಸಿ, "ಐದೇ ಕಾಣ್ತಿದೆ, ಇನ್ನಿಬ್ಬರು ಎಲ್ಲಿ?" ಅಂದಳು.

ಈ ಫೆರ್ರಿಯೇ ನನ್ನ ದಾರಿ ತಪ್ಪಿಸಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಇಲ್ಲೇ ಎಡವುವ ಸಾಧ್ಯತೆ ಜಾಸ್ತಿ. ಅಲ್ಲಿ ಎರಡು ಥರದ ದೋಣಿ ಇವೆ. ಒಂದಕ್ಕೆ ಕಾರು, ಬಸ್ಸು, ಲಾರಿ ಎಲ್ಲ ಹತ್ತುತ್ತವೆ. ಇನ್ನೊಂದು ಬರೀ ನೋಡುವವರದ್ದು, ಜನ ಮಾತ್ರ. ಆಮೇಲೆ ಫ್ಲೋಮ್ ಅನ್ನುವ ಊರಿನಿಂದ ಗುಡ್ವಾಂಗೆನ್ ಅನ್ನುವ ಊರಿಗೆ ನಾವು ಹೋದದ್ದು ಈ ಎರಡನೆಯದರಲ್ಲಿ. ನಾವು ನೀರಿನ ಮೇಲೆ ಎರಡು ಗಂಟೆ ಸುತ್ತಿ ಬರುವಷ್ಟರಲ್ಲಿ ಖಾಲಿ ಬಸ್ಸು ಸುರಂಗಗಳೊಳಗೆ ನುಗ್ಗಿ, ಸುಮಾರು 20 ಕಿಲೋಮೀಟರ್ ಓಡಿ, ಆಚೆ ಕಡೆ ಕಾಯುತ್ತಿರುತ್ತದೆ. ಗೈಡ್ ಇದನ್ನು ಹೇಳಿದ್ದರು. ನಾನು ಮೊಬೈಲಿನಲ್ಲಿ ಹಿಂದಿನ ದಿನದ ಫೋಟೊ ನೋಡುತ್ತಾ ಕೂತಿದ್ದೆ. ಬಸ್ಸೂ ಬರುತ್ತೆ ಅನ್ನುವಷ್ಟು ಕಿವಿಗೆ ಬಿತ್ತು, ನಮ್ಮ ಜೊತೆಗೇ ಅಂದುಕೊಂಡೆ. ಜಾಕೆಟ್, ಮಂಕಿ ಟೋಪಿ, ರೇನ್‌ಕೋಟ್ ಎಲ್ಲ ಇದ್ದ ಚೀಲವನ್ನು ಸೀಟಿನ ಮೇಲೆಯೇ ಬಿಟ್ಟೆ. "ಚಳಿ ಆದರೆ ಕೆಳಗಿಳಿದು ತರ್ತೀನಿ" ಅಂತ ಅಮ್ಮನಿಗೆ ಭರವಸೆ ಬೇರೆ!

ಫ್ಲೋಮ್‌ನಲ್ಲಿ ಬಿಸಿಲಿತ್ತು. ದೋಣಿ ನ್ಯಾರೊಯ್ ಫ್ಯೋರ್ಡ್‌ಗೆ ತಿರುಗುತ್ತಿದ್ದ ಹಾಗೆ ಗಾಳಿ, ಅದರ ಹಿಂದೆಯೇ ಮಳೆ. ಅಮ್ಮನ ತವರು ತೀರ್ಥಹಳ್ಳಿ. "ಮಳೆ ಕಾಣದವಳಾ ನಾನು?" ಅಂತ ಹೊರಗೇ ನಿಂತಳು. ಐದು ನಿಮಿಷ ಅಷ್ಟೇ. ಆಗುಂಬೆ ಮಳೆ ನೆನೆಸುತ್ತದೆ, ಇದು ಕೊರೆಯುತ್ತದೆ. ಮೂವರೂ ಒಳಗೆ ಬಂದು ಕೂತೆವು.

ಹೊರಗೆ ಏನಿತ್ತು ಗೊತ್ತಾ? ಎರಡೂ ಕಡೆ ಸಾವಿರ ಮೀಟರಿಗೂ ಎತ್ತರದ ಬೆಟ್ಟ. ತೀರಾ ಇಕ್ಕಟ್ಟಾದ ಕಡೆ ನೀರಿನ ಅಗಲ ಬರೀ 250 ಮೀಟರ್. 2005ರಲ್ಲಿ ಗೈರಾಂಗರ್ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಇದೇ ಫ್ಯೋರ್ಡ್. ನಮ್ಮ ದೋಣಿ ಬ್ಯಾಟರಿಯದ್ದು, ಎಂಜಿನ್ ಗದ್ದಲ ಇಲ್ಲ. ಹೊರಗೆ ನಿಂತವರಿಗೆ ನೀರು ಧುಮುಕುವ ಸದ್ದು ಕೇಳಿಸುತ್ತಿತ್ತಂತೆ. ನಮಗೆ ಕೇಳಿಸಿದ್ದು ಕಾಫಿ ಮೆಷಿನ್‌ದು. ಮಬ್ಬಾದ ಗಾಜನ್ನು ಅಪ್ಪ ಕರ್ಚೀಫಿನಲ್ಲಿ ಒರೆಸುತ್ತಲೇ ಇದ್ದರು.

ಗುಡ್ವಾಂಗೆನ್‌ನಲ್ಲಿ ಬಸ್ಸು ನಿಂತಿತ್ತು. ಚೀಲ ಸೀಟಿನ ಮೇಲೆ ಬೆಚ್ಚಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಜಾಕೆಟ್ ಹಾಕಿಕೊಂಡವರು ಬರ್ಗೆನ್ ಬರುವವರೆಗೂ ಬಿಚ್ಚಲಿಲ್ಲ. ಅಮ್ಮ ಈಗಲೂ ಆಲ್ಬಮ್ ತಿರುವುವಾಗ "ನಾವು ಕಾಫಿ ಕುಡಿದ ಫ್ಯೋರ್ಡ್ ಯಾವುದೋ?" ಅಂತ ಕೇಳುತ್ತಾಳೆ.

ಹಾಗಾಗಿ ಮೂರಾ, ಐದಾ ಅನ್ನುವ ಲೆಕ್ಕವನ್ನೇ ಬಿಡಿ. ನಮ್ಮ ಐದರಲ್ಲಿ ಸೋಗ್ನೆ ಫ್ಯೋರ್ಡ್ ಕೂಡ ಒಂದು. 200 ಕಿಲೋಮೀಟರಿಗೂ ಉದ್ದ ಅದು. ನಾವು ಫೆರ್ರಿಯಲ್ಲಿ ಕಾಲು ಗಂಟೆ ಅಡ್ಡ ದಾಟಿದೆವು, ಪಟ್ಟಿಯಲ್ಲಿ ಟಿಕ್ ಬಿತ್ತು! ಅದಾದ ಮೇಲೆ 24.5 ಕಿಲೋಮೀಟರಿನ ಲಾರ್ಡಾಲ್ ಸುರಂಗ, ಮಧ್ಯೆ ಮಧ್ಯೆ ನೀಲಿ ದೀಪ. ನಿಜ ಹೇಳಬೇಕೆಂದರೆ ಅಪ್ಪನಿಗೆ ಇಡೀ ಟೂರ್‌ನಲ್ಲಿ ಜಾಸ್ತಿ ಹಿಡಿಸಿದ್ದು ಆ ಸುರಂಗವೇ.

ಚೀಲ ಬಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಫ್ಲೋಮ್‌ನಲ್ಲಿ ಇನ್ನೊಂದು ರಾತ್ರಿ ಇದ್ದಿದ್ದರೆ ಮಾರನೇ ದಿನ ಟಿಕೆಟ್ ತೆಗೆದು ಅದೇ ದೋಣಿ ಮತ್ತೆ ಹತ್ತಬಹುದಿತ್ತು. ಐದು ಫ್ಯೋರ್ಡ್ ಮುಗಿಸುವ ಬಸ್ಸಿಗೆ ಅಷ್ಟು ಪುರುಸೊತ್ತು ಎಲ್ಲಿ?

ಸಸ್ಯಾಹಾರದ ಬಗ್ಗೆಯೂ ಕೇಳಿದ್ದೀರಿ. ಬೆಳಗ್ಗೆ ಹೋಟೆಲಿನಲ್ಲಿ ಬ್ರೆಡ್, ಹಣ್ಣು, ಮೊಸರು ಸಿಗುತ್ತವೆ. ಬ್ರುನೋಸ್ಟ್ ಅಂತ ಕಂದು ಬಣ್ಣದ ಚೀಸ್ ಇರುತ್ತದೆ, ಬೆಲ್ಲ ಹಾಕಿದ ಖೋವಾ ಥರ. ರಾತ್ರಿ ಊಟಕ್ಕೆ ಅವಲಕ್ಕಿ, ಚಟ್ನಿಪುಡಿ ಇರಲಿ.

ದುಡ್ಡು ಕಟ್ಟುವ ಮುಂಚೆ ಟೂರ್‌ನವರಿಗೆ ಫೋನ್ ಮಾಡಿ, ಫ್ಲೋಮ್‌ನಲ್ಲಿ ಎಷ್ಟು ರಾತ್ರಿ ಅಂತ ಕೇಳಿ. ಒಂದೇ ಅಂದರೆ, ನಾನಾದರೆ ಕಟ್ಟಲ್ಲ.